ನೌಕಾಪಡೆಯ ಪೂರೈಕೆ ಹಡಗುಗಳ ವೇಗ

ಸಮುದ್ರದಲ್ಲಿರುವ ಯುದ್ಧನೌಕೆಗಳಿಗೆ ಇಂಧನ, ನೀರು, ಆಹಾರ, ಮದ್ದುಗುಂಡು ಒದಗಿಸುವ ಹಡಗುಗಳು ಸಾಮಾನ್ಯವಾಗಿ ಅವುಗಳಿಗಿಂತ ನಿಧಾನ. ಕಾರವಾರದ ಕದಂಬ ನೌಕಾನೆಲೆಯನ್ನು ತವರಾಗಿಸಿಕೊಂಡ ವಿಮಾನವಾಹಕ ನೌಕೆ ವಿಕ್ರಮಾದಿತ್ಯದ ಗರಿಷ್ಠ ವೇಗ ಸುಮಾರು 30 ನಾಟ್ (ಗಂಟೆಗೆ 56 ಕಿ.ಮೀ.). 2011ರಲ್ಲಿ ಸೇವೆಗೆ ಸೇರಿದ ಟ್ಯಾಂಕರ್ ದೀಪಕ್‌ನದು 20 ನಾಟ್ (37 ಕಿ.ಮೀ.).

ಅಂತರಕ್ಕೆ ಕಾರಣ

ವೇಗ ಹೆಚ್ಚಿದಂತೆ ಎಂಜಿನ್‌ಗೆ ಬೇಕಾದ ಶಕ್ತಿ ಸರಿಸುಮಾರು ಅದರ ಘನದಂತೆ ಏರುತ್ತದೆ. 20 ನಾಟ್‌ನ ಹಡಗು 28 ನಾಟ್‌ನಲ್ಲಿ ಓಡಬೇಕಾದರೆ ಎರಡೂವರೆ ಪಟ್ಟಿಗೂ ಮಿಕ್ಕ ಶಕ್ತಿ ಬೇಕು. ಆ ಎಂಜಿನ್ ಸರಕಿನ ಜಾಗವನ್ನೂ ಇಂಧನವನ್ನೂ ನುಂಗುತ್ತದೆ. ಯುದ್ಧನೌಕೆಗಳೂ ಸದಾ ಗರಿಷ್ಠ ವೇಗದಲ್ಲಿ ಸಾಗುವುದಿಲ್ಲ. 2022ರಲ್ಲಿ ಸೇವೆಗೆ ಬಂದ ವಿಕ್ರಾಂತ್‌ನ ಗರಿಷ್ಠ ವೇಗ 28 ನಾಟ್, ದೂರಪ್ರಯಾಣದ ವೇಗ 18 ನಾಟ್. ಟ್ಯಾಂಕರ್ ಸರಿಗಟ್ಟಬೇಕಾದದ್ದು ಈ ಎರಡನೆಯದನ್ನು.

ಇತಿಹಾಸ

ಕಲ್ಲಿದ್ದಲಿನ ಕಾಲದಲ್ಲಿ ಸರಕು ತುಂಬಿಸಿಕೊಳ್ಳಲು ನೌಕಾದಳವೇ ಲಂಗರು ಹಾಕಿ ನಿಲ್ಲಬೇಕಿತ್ತು. 1904–05ರಲ್ಲಿ ಜಪಾನ್ ಕಡೆ ಹೊರಟ ರಷ್ಯಾದ ಬಾಲ್ಟಿಕ್ ನೌಕಾದಳ ದಾರಿಯುದ್ದಕ್ಕೂ ಹೀಗೆ ತಂಗುತ್ತ ಸುಮಾರು ಏಳು ತಿಂಗಳು ಕಳೆಯಿತು. ತೈಲ ಬಂದ ಮೇಲೆ ಸಾಗುತ್ತಲೇ ಕೊಳವೆಯ ಮೂಲಕ ಇಂಧನ ಪಡೆಯುವುದು ಸುಲಭವಾಯಿತು. 1917ರಲ್ಲಿ ಅಮೆರಿಕದ ಮೌಮಿ ಟ್ಯಾಂಕರ್ ಅಟ್ಲಾಂಟಿಕ್ ದಾಟುತ್ತಿದ್ದ ಡೆಸ್ಟ್ರಾಯರ್‌ಗಳಿಗೆ ಹೀಗೆ ಇಂಧನ ಕೊಟ್ಟಿತು. ಮುಂದೆ ಅಡ್ಮಿರಲ್ ಆದ ಚೆಸ್ಟರ್ ನಿಮಿಟ್ಜ್ ಆಗ ಅದರ ಅಧಿಕಾರಿಗಳಲ್ಲೊಬ್ಬರು.

ವೇಗದ ಅಂತರವನ್ನೇ ಅಳಿಸುವ ಪ್ರಯತ್ನವೂ ನಡೆಯಿತು. 1964ರಲ್ಲಿ ಸೇವೆಗೆ ಬಂದ ಅಮೆರಿಕದ ಸ್ಯಾಕ್ರಮೆಂಟೊ 26 ನಾಟ್‌ನಲ್ಲಿ ಓಡುತ್ತಿತ್ತು. ಅರ್ಧಕ್ಕೆ ನಿಂತ ಕೆಂಟಕಿ ಯುದ್ಧನೌಕೆಯ ಎಂಜಿನ್‌ಗಳನ್ನು ಅದಕ್ಕೆ ಬಳಸಲಾಗಿತ್ತು. ಈ ವರ್ಗದಲ್ಲಿ ನಾಲ್ಕೇ ಹಡಗುಗಳಾದವು. ಈಗ ಅಲ್ಲಿ ಕಟ್ಟುತ್ತಿರುವ ಜಾನ್ ಲೂಯಿಸ್ ವರ್ಗದ ಟ್ಯಾಂಕರ್‌ಗಳ ವೇಗ ಮತ್ತೆ 20 ನಾಟ್.

ಭಾರತದಲ್ಲಿ

1971ರ ಡಿಸೆಂಬರ್ 4ರಂದು ಕರಾಚಿಯ ಮೇಲೆರಗಿದ ನಿಪಟ್, ನಿರ್ಘಾಟ್, ವೀರ್ ಕ್ಷಿಪಣಿ ದೋಣಿಗಳು ವೇಗದಲ್ಲಿ ಮುಂದು, ವ್ಯಾಪ್ತಿಯಲ್ಲಿ ಹಿಂದು. ಇಂಧನಕ್ಕಾಗಿ ಪೋಷಕ್ ಟ್ಯಾಂಕರ್ ತಂಡದಲ್ಲಿತ್ತು.

ನಿಧಾನದ ಹಡಗುಗಳ ಕೊರತೆಯನ್ನು ತುಂಬುವುದು ಸಂಖ್ಯೆ: ಒಂದು ಬಂದರಿಗೆ ಮರಳಿ ತುಂಬಿಸಿಕೊಳ್ಳುವಾಗ ಇನ್ನೊಂದು ನೌಕಾದಳದ ಜೊತೆಗಿರಬೇಕು. 44,000 ಟನ್ ತೂಕದ ಐದು ಪೂರೈಕೆ ಹಡಗುಗಳಿಗಾಗಿ 2023ರ ಆಗಸ್ಟ್‌ನಲ್ಲಿ ವಿಶಾಖಪಟ್ಟಣದ ಹಿಂದುಸ್ತಾನ್ ಶಿಪ್‌ಯಾರ್ಡ್ ಜೊತೆ ಒಪ್ಪಂದವಾಗಿದೆ.