ಫರ್ಗಿಯ ಸುತ್ತ ನಡೆಯುವ ಮಾತು

“ಹಿಂದಿನ ಲಿಫ್ಟ್ ಏಳುತ್ತಿಲ್ಲ, ಪಂಪ್ ಹೋಗಿರಬೇಕು” ಎಂದು ಹೊಸಬನೊಬ್ಬ ಮುಖ ಸಣ್ಣದು ಮಾಡಿಕೊಂಡು ಹೇಳುತ್ತಾನೆ. ಬ್ರಿಟನ್ನಿನ ಹಳೆಯ ಟ್ರ್ಯಾಕ್ಟರ್ ಪ್ರಿಯರ ಕೂಟದಲ್ಲಿ ಅದಕ್ಕೆ ಸಿಗುವ ಮೊದಲ ಮಾತು ಬಹುತೇಕ ಒಂದೇ: “ಪಿಟಿಓ ಹಾಕಿದ್ದೀಯೇನಪ್ಪಾ?” ಸುತ್ತ ನಿಂತವರು ನಗುತ್ತಾರೆ. ಅವರಲ್ಲಿ ಅನೇಕರಿಗೆ ಅದೇ ಪ್ರಶ್ನೆ ಒಂದು ಕಾಲಕ್ಕೆ ಎದುರಾಗಿದ್ದುಂಟು. ಕವೆಂಟ್ರಿ ನಗರದಲ್ಲಿ 1946ರಿಂದ 1956ರವರೆಗೆ ತಯಾರಾದ ಫರ್ಗುಸನ್ ಟಿಇ20 ಟ್ರ್ಯಾಕ್ಟರಿನಲ್ಲಿ ಹೈಡ್ರಾಲಿಕ್ ಪಂಪ್ ತಿರುಗುವುದು ಪಿಟಿಓ ಶಾಫ್ಟಿನಿಂದ, ಅಂದರೆ ಹಿಂದೆ ಜೋಡಿಸಿದ ಸಲಕರಣೆಗಳಿಗೆ ಎಂಜಿನ್ನಿನ ಶಕ್ತಿ ಒದಗಿಸುವ ದಂಡದಿಂದ. ಪಿಟಿಓ ಲಿವರ್ ಹಾಕದೆ ನೇಗಿಲು ನೆಲ ಬಿಟ್ಟು ಏಳುವುದಿಲ್ಲ. ಹೊಸ ಟ್ರ್ಯಾಕ್ಟರ್ ಓಡಿಸಿ ರೂಢಿಯಾದವರಿಗೆ ಇದು ಹೊಳೆಯುವುದೇ ಇಲ್ಲ. ಎಣ್ಣೆಯೊಳಗೆ ಮುಳುಗಿ ಕೂತಿರುವ ಪಂಪನ್ನು ಹೊರಗೆಳೆಯುವ ಮೊದಲು ಯಾರನ್ನಾದರೂ ಕೇಳಿದರೆ ಎಷ್ಟೋ ದಿನದ ಶ್ರಮ ಉಳಿಯುತ್ತದೆ.

ಈ ಬೂದುಬಣ್ಣದ ಪುಟ್ಟ ಟ್ರ್ಯಾಕ್ಟರನ್ನು ಅಲ್ಲಿನವರು ಪ್ರೀತಿಯಿಂದ ‘ಲಿಟ್ಲ್ ಗ್ರೇ ಫರ್ಗಿ’ ಎನ್ನುತ್ತಾರೆ. ನಾರ್ವೆಯ ಮಕ್ಕಳಿಗೆ ಇದೇ ಟ್ರ್ಯಾಕ್ಟರ್ ‘ಗ್ರೋತಾಸ್’ ಎಂಬ ಹೆಸರಿನ ಕಥಾನಾಯಕ. ಹತ್ತು ವರ್ಷಗಳಲ್ಲಿ 5 ಲಕ್ಷ 17 ಸಾವಿರಕ್ಕೂ ಹೆಚ್ಚು ಗಾಡಿಗಳು ಕವೆಂಟ್ರಿಯ ಬ್ಯಾನರ್ ಲೇನ್ ಕಾರ್ಖಾನೆಯಿಂದ ಹೊರಬಂದವು. ಎರಡನೇ ಮಹಾಯುದ್ಧದ ಕಾಲದಲ್ಲಿ ಅದೇ ಕಟ್ಟಡದಲ್ಲಿ ಬ್ರಿಸ್ಟಲ್ ಹರ್ಕ್ಯುಲಿಸ್ ವಿಮಾನ ಎಂಜಿನ್‌ಗಳು ತಯಾರಾಗುತ್ತಿದ್ದವು.

ಫರ್ಗಿಯ ಸುತ್ತ ಹರಟೆ, ಕೀಟಲೆ, ಸಲಹೆಗಳ ಒಂದು ಲೋಕವೇ ಬೆಳೆದಿರುವುದಕ್ಕೆ ಕಾರಣ ಹುಡುಕಬೇಕಾದರೆ ಅದನ್ನು ಕಟ್ಟಿದವನ ಕಡೆಗೆ ತಿರುಗಬೇಕು. ಹ್ಯಾರಿ ಫರ್ಗುಸನ್ ಹುಟ್ಟಿದ್ದು 1884ರಲ್ಲಿ, ಐರ್ಲೆಂಡಿನ ಡೌನ್ ಕೌಂಟಿಯ ರೈತ ಕುಟುಂಬದಲ್ಲಿ. ತಾನೇ ಕಟ್ಟಿದ ವಿಮಾನದಲ್ಲಿ 1909ರ ಡಿಸೆಂಬರ್ 31ರಂದು ಹಾರಿ, ಐರ್ಲೆಂಡಿನಲ್ಲಿ ಮೊದಲು ವಿಮಾನ ಹಾರಿಸಿದವನೆನಿಸಿಕೊಂಡ. ಬೆಲ್‌ಫಾಸ್ಟಿನಲ್ಲಿ ಮೋಟಾರು ವ್ಯಾಪಾರ ನಡೆಸುತ್ತಿದ್ದ ಅವನಿಗೆ 1917ರಲ್ಲಿ ಸರ್ಕಾರ ಒಂದು ಕೆಲಸ ಒಪ್ಪಿಸಿತು. ಮೊದಲನೇ ಮಹಾಯುದ್ಧದಿಂದ ಆಹಾರದ ಕೊರತೆ. ದೇಶದಲ್ಲಿದ್ದ ಟ್ರ್ಯಾಕ್ಟರುಗಳು ಸರಿಯಾಗಿ ದುಡಿಯುತ್ತಿಲ್ಲ. ಊರೂರು ತಿರುಗಿ ರೈತರಿಗೆ ಹೇಳಿಕೊಡಬೇಕು. ತನ್ನ ಮೆಕ್ಯಾನಿಕ್ ವಿಲಿ ಸ್ಯಾಂಡ್ಸ್ ಜೊತೆ ಫರ್ಗುಸನ್ ಹೊರಟ. ಹೊಲದ ಬದುವಿನಲ್ಲಿ ನಿಂತು ರೈತರ ತಕರಾರು ಕೇಳುವುದು, ನೇಗಿಲಿನ ಕೊಂಡಿ ಸರಿಪಡಿಸುವುದು, ಓಡಿಸಿ ತೋರಿಸುವುದು. ಅವನ ಮುಂದಿನ ಸಾಧನೆಯ ಬೀಜ ಬಿದ್ದದ್ದು ಆ ತಿರುಗಾಟದಲ್ಲೇ.

ಆಗಿನ ಟ್ರ್ಯಾಕ್ಟರಿಗೆ ನೇಗಿಲನ್ನು ಎತ್ತಿನ ಹಿಂದೆ ಕಟ್ಟಿದಂತೆ ಸರಪಳಿಯಿಂದಲೋ ಕೊಂಡಿಯಿಂದಲೋ ಕಟ್ಟಿ ಎಳೆಸುತ್ತಿದ್ದರು. ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿಕೊಂಡರೆ ಹಿಂಚಕ್ರ ನಿಂತಲ್ಲೇ ನಿಂತು, ಟ್ರ್ಯಾಕ್ಟರಿನ ಮೂತಿ ಮೇಲೆದ್ದು ಚಾಲಕನ ಮೇಲೆ ಮಗುಚುತ್ತಿತ್ತು. 1917ರಲ್ಲಿ ಬಂದ ಫೋರ್ಡ್‌ಸನ್ ಹೀಗೆ ಅನೇಕರ ಪ್ರಾಣ ತೆಗೆದಿತ್ತು. ಫರ್ಗುಸನ್ ನೇಗಿಲನ್ನು ಟ್ರ್ಯಾಕ್ಟರಿನ ದೇಹಕ್ಕೇ ಮೂರು ಕೊಂಡಿಗಳಿಂದ ಸೇರಿಸಿದ: ಕೆಳಗೆ ಎರಡು, ಮೇಲೆ ಒಂದು. ನೆಲ ಗಟ್ಟಿಯಾದಾಗ ನೇಗಿಲು ಮೇಲಿನ ಕೊಂಡಿಯನ್ನು ಮುಂದಕ್ಕೆ ಒತ್ತುತ್ತದೆ. ಆ ಒತ್ತಡ ಒಂದು ಸ್ಪ್ರಿಂಗಿನ ಮೂಲಕ ಹೈಡ್ರಾಲಿಕ್ ಕವಾಟಕ್ಕೆ ತಲುಪಿ ನೇಗಿಲು ಸ್ವಲ್ಪ ಮೇಲೇಳುತ್ತದೆ, ಅದರ ಭಾರ ಹಿಂಚಕ್ರಗಳ ಮೇಲೆ ಬೀಳುತ್ತದೆ. ಹೀಗಾಗಿ ಟನ್ನಿಗಿಂತ ತುಸು ಹೆಚ್ಚು ತೂಗುವ ಗಾಡಿ ತನ್ನ ಗಾತ್ರಕ್ಕೆ ಮೀರಿದ ಉಳುಮೆ ಮಾಡಿತು, ಮಗುಚುವ ಭಯವೂ ತಗ್ಗಿತು. ಇಂದು ನಮ್ಮ ಹೊಲಗಳಲ್ಲಿ ರೋಟವೇಟರ್ ಹೊತ್ತು ಓಡಾಡುವ ಟ್ರ್ಯಾಕ್ಟರುಗಳ ಹಿಂದೆ ಇರುವುದೂ ಇದೇ ಮೂರು ಕೊಂಡಿಗಳ ಜೋಡಣೆ.

ಹೆನ್ರಿ ಫೋರ್ಡ್ ಜೊತೆ 1938ರಲ್ಲಿ ಬರೀ ಕೈಕುಲುಕಿ ಮಾಡಿಕೊಂಡ ಒಪ್ಪಂದ, 1947ರಲ್ಲಿ ಫೋರ್ಡ್ ಮೊಮ್ಮಗನ ಕಾಲದಲ್ಲಿ ಮುರಿದು ಮುಂದೆ ಕೋರ್ಟು ಹತ್ತಿದ್ದು, 1952ರಲ್ಲಿ ಫರ್ಗುಸನ್ನನಿಗೆ 92.5 ಲಕ್ಷ ಡಾಲರ್ ಸಿಕ್ಕಿದ್ದು ದೊಡ್ಡ ಕಥೆ. ಫರ್ಗಿ ಪ್ರಿಯರು ಇದನ್ನು ನಿನ್ನೆ ನಡೆದ ಜಮೀನು ವ್ಯಾಜ್ಯದ ಉತ್ಸಾಹದಲ್ಲಿ ಹೇಳುತ್ತಾರೆ.

ಗಾಡಿ ರಿಪೇರಿಯ ಷೆಡ್ಡಿನ ಮಾತಿಗೆ ಹೆಚ್ಚು ಬೇಕಾದದ್ದು ಫರ್ಗುಸನ್ನನ ಇನ್ನೊಂದು ಹಟ. ರೈತ ತನ್ನ ಗಾಡಿಯನ್ನು ತಾನೇ ನೋಡಿಕೊಳ್ಳಬೇಕು ಎಂದು ಅವನು ಬಯಸಿದ. ದಿನನಿತ್ಯದ ಕೆಲಸಕ್ಕೆ ಬೇಕಾದ ನಟ್ಟುಗಳಿಗೆ ಒಂದೇ ಪಾನಾ ಸಾಕಾಗುವಂತೆ ಅಳತೆ ಇಟ್ಟ. ಆ ಪಾನಾದ ಮೇಲೆ ಇಂಚಿನ ಗುರುತು ಕೆತ್ತಿಸಿದ, ಸಲಕರಣೆಗಳ ಅಂತರ ಹೊಂದಿಸಲು ಬೇರೆ ಅಳತೆಪಟ್ಟಿ ಬೇಡ. ಸ್ಟಾರ್ಟರನ್ನು ಗೇರ್ ಲಿವರಿಗೇ ಜೋಡಿಸಿದ್ದರಿಂದ ಗಾಡಿ ಗೇರಿನಲ್ಲಿದ್ದಾಗ ಸ್ಟಾರ್ಟ್ ಆಗುವ ಅಪಾಯವೇ ಇರಲಿಲ್ಲ. ವಾರಿಕ್‌ಷೈರಿನ ಸ್ಟೋನ್‌ಲಿ ಅಬ್ಬಿಯಲ್ಲಿ ತರಬೇತಿ ಶಾಲೆಯೂ ನಡೆಯಿತು. ಟ್ರ್ಯಾಕ್ಟರ್ ಮಾರುವುದೆಂದರೆ ಅದನ್ನು ಬಳಸಲು ಕಲಿಸುವುದೂ ಸೇರಿ ಎಂಬುದು 1917ರ ಊರೂರು ತಿರುಗಾಟದಿಂದ ಅವನಿಗೆ ಬಂದ ನಂಬಿಕೆ. ಇಂದಿನ ಕೂಟಗಳಲ್ಲಿ ನಡೆಯುವುದು ಆ ಕಲಿಸುವಿಕೆಯ ಮುಂದುವರಿಕೆಯೇ. ಪುಸ್ತಕ ತಲುಪದ ಕಡೆಗೂ ಅದು ತಲುಪುತ್ತದೆ. ಕಂಪನಿಯ ಕೈಪಿಡಿ ಹೊಸ ಗಾಡಿಗೆ ಬರೆದದ್ದು. ನಲವತ್ತು ವರ್ಷ ಬೇಲಿಸಾಲಿನ ಮುಳ್ಳಿನಲ್ಲಿ ಮಳೆ ತಿಂದು ನಿಂತ ಗಾಡಿಗೆ ಏನು ಮಾಡಬೇಕೆಂದು ಅದರಲ್ಲಿಲ್ಲ. ಆ ಜ್ಞಾನ ಬಾಯಿಂದ ಬಾಯಿಗೆ ಬಂದದ್ದು.

ಹಿಡಿದುಕೊಂಡು ಕೂತ ಎಂಜಿನ್ನಿನ ವಿಷಯವನ್ನೇ ನೋಡಿ. ಪ್ಲಗ್ ಬಿಚ್ಚಿ ಸಿಲಿಂಡರಿಗೆ ಡೀಸೆಲ್ ಸುರಿ ಎನ್ನುತ್ತಾನೆ ಒಬ್ಬ. ಆಟೊಮ್ಯಾಟಿಕ್ ಗೇರ್ ಬಾಕ್ಸಿನ ಎಣ್ಣೆಗೆ ಸಮಪಾಲು ಅಸಿಟೋನ್ ಬೆರೆಸು ಎನ್ನುತ್ತಾನೆ ಇನ್ನೊಬ್ಬ. ಎರಡಕ್ಕೂ ವಾರಗಟ್ಟಲೆ ಕಾಯಬೇಕು. ಅವಸರದವನು ಇನ್ನೊಂದು ಗಾಡಿಗೆ ಕಟ್ಟಿ ಎಳೆಸುತ್ತೇನೆ ಎಂದಾಗ ಹಿರಿಯರು ತಡೆಯುತ್ತಾರೆ: ಅಂಟಿಕೊಂಡ ಒಂದು ವಾಲ್ವ್ ಇದ್ದರೂ ಪುಶ್‌ರಾಡ್ ಬಗ್ಗಿಹೋಗುತ್ತದೆ. ಮೇಲಿನ ಗೇರಿಗೆ ಹಾಕಿ ಹಿಂಚಕ್ರವನ್ನು ಕೈಯಿಂದಲೇ ಹಿಂದೆಮುಂದೆ ಅಲುಗಿಸು, ಇವತ್ತು ಕೂದಲೆಳೆಯಷ್ಟು ಕದಲಿದರೂ ಸಾಕು ಎನ್ನುತ್ತಾರೆ. ಈ ತಾಳ್ಮೆ ಕಲಿಸುವುದು ತಾಂತ್ರಿಕ ಸಲಹೆಗಿಂತ ಕಷ್ಟ, ಅದಕ್ಕೇ ನಗೆಮಾತು ಬೇಕಾಗುತ್ತದೆ.

ಫರ್ಗಿಗೆ ಅಳವಡಿಸಿದ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿಯ ಎಂಜಿನ್ನಿನಲ್ಲಿ ಸಿಲಿಂಡರಿನ ಲೈನರುಗಳನ್ನು ಬಿಚ್ಚಿ ಬದಲಿಸಬಹುದು. ಆದರೆ ಅವುಗಳ ಬುಡದಲ್ಲಿ ಎಂಟರ ಅಂಕಿಯ ಆಕಾರದ ಗ್ಯಾಸ್ಕೆಟ್ ಇದೆ. ಅದು ಹಾಳಾದರೆ ರೇಡಿಯೇಟರಿನ ನೀರು ಎಣ್ಣೆಗೆ ಇಳಿಯುತ್ತದೆ. ಹಳೆಯ ಗಾಡಿ ಕೊಂಡವನು ಸ್ಟಾರ್ಟ್ ಮಾಡುವ ಮೊದಲು ಎಣ್ಣೆತೊಟ್ಟಿಯ ಬಿರಡೆಯನ್ನು ಮೆಲ್ಲಗೆ ಸಡಿಲಿಸಿ ಮೊದಲು ತೊಟ್ಟಿಕ್ಕುವುದು ನೀರೋ ಎಣ್ಣೆಯೋ ನೋಡಬೇಕು. ನೀರು ಅಡಿಯಲ್ಲಿ ನಿಂತಿರುತ್ತದೆ. ಬ್ಯಾಟರಿಯ ವಿಷಯದಲ್ಲೂ ಹೊಸಬರು ಎಡವುತ್ತಾರೆ. ಈ ಗಾಡಿಗಳಲ್ಲಿ ಪ್ಲಸ್ ತಂತಿ ಬಾಡಿಗೆ ಹೋಗುತ್ತದೆ, ಇಂದಿನ ರೂಢಿಗೆ ಉಲ್ಟಾ.

ಇದೇ ಎಂಜಿನ್ನಿನ ಬಗ್ಗೆ ಮುಗಿಯದ ಒಂದು ತಮಾಷೆ ಇದೆ. ಟ್ರಯಂಫ್ ಟಿಆರ್2 ಸ್ಪೋರ್ಟ್ಸ್ ಕಾರಿನ ಮಾಲೀಕ ಎದುರು ಬಂದರೆ “ನಮ್ಮ ಉಳುಮೆ ಎಂಜಿನ್ ಹೇಗೆ ಓಡುತ್ತಿದೆ?” ಎಂದು ಫರ್ಗಿಯವರು ಕೇಳದೆ ಬಿಡುವುದಿಲ್ಲ. ನಿಜಕ್ಕೂ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಕಾರು, ಫರ್ಗಿ, ಟಿಆರ್2 ಮೂರೂ ಒಂದೇ ಎಂಜಿನ್ ವಂಶದವು. ಅದೇ ವಂಶದ ಎಂಜಿನ್ ಹೊತ್ತ ಮಾರ್ಗನ್ ಪ್ಲಸ್ 4 ಕಾರು 1962ರ ಲ ಮಾನ್ಸ್ 24 ಗಂಟೆಯ ಓಟದಲ್ಲಿ ತನ್ನ ವರ್ಗವನ್ನು ಗೆದ್ದಿತು. ಫರ್ಗಿಯವರು ಆ ಗೆಲುವಿನಲ್ಲಿ ಪಾಲು ಕೇಳಿದರೆ ತಪ್ಪೇನೂ ಇಲ್ಲ.

ಬಣ್ಣದ ಪೈಪೋಟಿಯೂ ಜೋರು. ನೀಲಿಯ ಫೋರ್ಡ್‌ಸನ್ ಮೇಜರಿನವರು ಫರ್ಗಿಯನ್ನು ಆಟಿಕೆ ಎಂದು ಛೇಡಿಸುತ್ತಾರೆ. ಹಸಿರು ಫೀಲ್ಡ್ ಮಾರ್ಷಲಿನವರಿಗೆ ಒಂದೇ ಸಿಲಿಂಡರಿನ ಗುಡುಗು ಹೆಮ್ಮೆ. ಬಂದೂಕಿನ ತೋಟಾದಂಥದ್ದನ್ನು ಸಿಡಿಸಿ ಅದನ್ನು ಸ್ಟಾರ್ಟ್ ಮಾಡಬಹುದು. ಬೂದುಬಣ್ಣದವರ ಬಳಿ ಎಲ್ಲಕ್ಕೂ ಒಂದೇ ಉತ್ತರ: ದಕ್ಷಿಣ ಧ್ರುವ. ಎಡ್ಮಂಡ್ ಹಿಲರಿಯ ತಂಡ 1957ರ ಅಕ್ಟೋಬರಿನಲ್ಲಿ ಹೊರಟು, ಚಕ್ರಗಳಿಗೆ ಪಟ್ಟಿ ತೊಡಿಸಿದ ಮೂರು ಫರ್ಗುಸನ್ ಟ್ರ್ಯಾಕ್ಟರುಗಳಲ್ಲಿ 1958ರ ಜನವರಿ 4ರಂದು ಧ್ರುವ ಮುಟ್ಟಿತು. ಹಿಮದ ಬಿರುಕಿಗೆ ಒಂದು ಬಿದ್ದರೆ ಉಳಿದವು ಹಿಡಿದುಕೊಳ್ಳಲೆಂದು ಗಾಡಿಗಳನ್ನು ಒಂದಕ್ಕೊಂದು ಹಗ್ಗದಿಂದ ಬಿಗಿದಿದ್ದರು. ಮೋಟಾರು ವಾಹನದಲ್ಲಿ ನೆಲದ ಮೇಲಿಂದ ಅಲ್ಲಿಗೆ ಹೋದವರಲ್ಲಿ ಅವರೇ ಮೊದಲಿಗರು.

ಕನ್ನಡದ ರೈತರಿಗೆ ತಕ್ಷಣ ಅರ್ಥವಾಗುವ ಒಂದು ಮಾತುಕತೆಯೆಂದರೆ ಸೀಮೆಎಣ್ಣೆಯದು. 1949ರಲ್ಲಿ ಬಂದ ಟಿಇಡಿ20 ಮಾದರಿ, ಸೀಮೆಎಣ್ಣೆಗೆ ಹತ್ತಿರದ ಟಿವಿಓ ಎಂಬ ಅಗ್ಗದ ಇಂಧನದಲ್ಲಿ ಓಡುತ್ತಿತ್ತು. ಪೆಟ್ರೋಲಿನಲ್ಲಿ ಶುರು ಮಾಡಿ, ಎಂಜಿನ್ ಕಾದ ಮೇಲೆ ನಲ್ಲಿ ತಿರುಗಿಸುವುದು. ನಮ್ಮ ಹಳೆಯ ಸೀಮೆಎಣ್ಣೆ ಪಂಪ್‌ಸೆಟ್ ನಡೆಸಿದವರಿಗೆ ಈ ಕ್ರಮ ಕೈಗೆ ಗೊತ್ತು. ತಣ್ಣಗಿರುವಾಗಲೇ ತಿರುಗಿಸಿದರೆ ಉರಿಯದ ಇಂಧನ ಕೆಳಗಿಳಿದು ಎಂಜಿನ್ ಎಣ್ಣೆಯನ್ನು ತೆಳುವಾಗಿಸುತ್ತದೆ. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ಬರಬೇಕು, ಇಲ್ಲದಿದ್ದರೆ ಕಾರ್ಬುರೇಟರಿನಲ್ಲಿ ಟಿವಿಓ ಉಳಿದು ಮರುದಿನ ಬೆಳಿಗ್ಗೆ ಗಾಡಿ ಮೊಂಡು ಹಿಡಿಯುತ್ತದೆ. ಬ್ರಿಟನ್ನಿನಲ್ಲಿ 1974ರಲ್ಲಿ ಟಿವಿಓ ಮಾರಾಟ ನಿಂತಿತು. ಅಂದಿನಿಂದ ಸೀಮೆಎಣ್ಣೆಗೆ ಪೆಟ್ರೋಲ್ ಎಷ್ಟು ಬೆರೆಸಬೇಕೆಂಬ ವಾದ ನಡೆದೇ ಇದೆ. ಪ್ರತಿಯೊಬ್ಬರಿಗೂ ಅವರದೇ ಅಳತೆ, ಅದನ್ನು ಬಿಟ್ಟುಕೊಡುವವರು ಕಡಿಮೆ.

ಫರ್ಗುಸನ್ ಕಂಪನಿ 1953ರಲ್ಲಿ ಕೆನಡಾದ ಮ್ಯಾಸಿ ಹ್ಯಾರಿಸ್ ಜೊತೆ ಒಂದಾಯಿತು. ಮುಂದೆ ಅದೇ ಮ್ಯಾಸಿ ಫರ್ಗುಸನ್. ಟಿಇ20 ನಂತರ 1956ರಲ್ಲಿ ಬಂದದ್ದು 35ರ ಮಾದರಿ. ಮದ್ರಾಸಿನಲ್ಲಿ 1960ರಲ್ಲಿ ಶುರುವಾದ ಟಾಫೆ ಕಂಪನಿ ಮ್ಯಾಸಿ ಫರ್ಗುಸನ್ ಸಹಯೋಗದಲ್ಲೇ ಟ್ರ್ಯಾಕ್ಟರ್ ತಯಾರಿಕೆಗೆ ಇಳಿಯಿತು. ಹ್ಯಾರಿ ಫರ್ಗುಸನ್ ತೀರಿಕೊಂಡದ್ದೂ ಅದೇ ವರ್ಷ. 35ರ ವಂಶದ 1035 ಮಾದರಿ ಕರ್ನಾಟಕದ ಊರುಗಳಲ್ಲೂ ದುಡಿದಿದೆ, ದೊಡ್ಡಬಳ್ಳಾಪುರದಲ್ಲಿ ಟಾಫೆಯ ಕಾರ್ಖಾನೆಯೇ ಇದೆ. ಬ್ಯಾನರ್ ಲೇನ್ ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿತು. ಈಗ ಬ್ರಿಟನ್ನಿನ ಷೆಡ್ಡುಗಳಿಗೆ ಬೇಕಾದ ಬಿಡಿಭಾಗಗಳಲ್ಲಿ ಭಾರತದಲ್ಲಿ ತಯಾರಾದವೂ ಸೇರಿವೆ. ಅಸಲಿ ಹಳೆಯ ಭಾಗವನ್ನು ಉಜ್ಜಿ ಉಳಿಸಿಕೊಳ್ಳಬೇಕೇ, ಹೊಸದನ್ನು ತಂದು ಹಾಕಬೇಕೇ ಎಂಬುದು ಅಲ್ಲಿ ಇಂದಿಗೂ ಬಿಸಿಯಾದ ಚರ್ಚೆ. ಅನುಭವಿಗಳ ಸಲಹೆ ಇಷ್ಟು: ಹೊಸದು ಬಂದು ಕೂತು, ಒಂದು ಋತು ಉತ್ತು ನೋಡುವವರೆಗೆ ಹಳೆಯದನ್ನು ಎಸೆಯಬೇಡ.