ಸಾರ್ವಜನಿಕ ಸಭೆ: ಹೆಸರು ಹೇಳದೆ ಹಾಜರಾಗುವ ಹಕ್ಕು

ಸರ್ಕಾರಿ ಸಂಸ್ಥೆಗಳ ಸಭೆಗಳು ಸಾರ್ವಜನಿಕರಿಗೆ ತೆರೆದಿರಬೇಕೆಂಬುದು ಪ್ರಜಾಪ್ರಭುತ್ವದ ಒಪ್ಪಿತ ತತ್ವ. ಆದರೆ ಸಭೆಗೆ ಬಂದ ನಾಗರಿಕ ತಾನು ಯಾರೆಂದು ತಿಳಿಸಲೇಬೇಕೆ ಎಂಬ ಪ್ರಶ್ನೆಗೆ ಎಲ್ಲೆಡೆ ಒಂದೇ ಉತ್ತರವಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಇದಕ್ಕೆ ಕಾನೂನಿನಲ್ಲಿಯೇ ಉತ್ತರ ನೀಡಿದೆ.

ಬ್ರೌನ್ ಕಾಯ್ದೆ

ಸ್ಥಳೀಯ ಸಂಸ್ಥೆಗಳು ಜನರ ಕಣ್ಣು ತಪ್ಪಿಸಿ ನಡೆಸುತ್ತಿದ್ದ ಸಭೆಗಳನ್ನು ಕುರಿತು 1952ರಲ್ಲಿ 'ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್' ಪತ್ರಿಕೆಯಲ್ಲಿ ಲೇಖನಮಾಲೆಯೊಂದು ಪ್ರಕಟವಾಯಿತು. ಅದರ ಬೆನ್ನಲ್ಲೇ ಶಾಸಕ ರಾಲ್ಫ್ ಎಂ. ಬ್ರೌನ್ ಅವರ ಹೆಸರಿನ ಕಾಯ್ದೆ 1953ರಲ್ಲಿ ಜಾರಿಗೆ ಬಂದಿತು. ನಗರಸಭೆ, ಕೌಂಟಿ ಮಂಡಳಿ, ಶಾಲಾ ಮಂಡಳಿ ಮೊದಲಾದ ಸ್ಥಳೀಯ ಸಂಸ್ಥೆಗಳಿಗೆ ಇದು ಅನ್ವಯಿಸುತ್ತದೆ.

ಕಾಯ್ದೆಯ 54953.3ನೇ ಸೆಕ್ಷನ್ ಪ್ರಕಾರ, ಸಭೆಗೆ ಪ್ರವೇಶ ಪಡೆಯಲು ಹೆಸರು ನೋಂದಾಯಿಸಬೇಕು, ಮಾಹಿತಿ ನೀಡಬೇಕು ಅಥವಾ ಪ್ರಶ್ನಾವಳಿ ಭರ್ತಿ ಮಾಡಬೇಕು ಎಂಬ ಷರತ್ತು ವಿಧಿಸುವಂತಿಲ್ಲ. ಬಾಗಿಲ ಬಳಿ ಹಾಜರಾತಿ ಪುಸ್ತಕ ಇರಿಸಿದ್ದಲ್ಲಿ, ಸಹಿ ಮಾಡುವುದು ಐಚ್ಛಿಕವೆಂದೂ ಸಹಿ ಮಾಡದವರೂ ಸಭೆಗೆ ಬರಬಹುದೆಂದೂ ಅದರಲ್ಲಿ ಸ್ಪಷ್ಟವಾಗಿ ನಮೂದಿಸಿರಬೇಕು. ಪಾರದರ್ಶಕತೆಯ ಹೊಣೆ ಆಡಳಿತದ್ದೇ ಹೊರತು ನೋಡಲು ಬಂದ ಪ್ರಜೆಯದ್ದಲ್ಲ ಎಂಬುದು ಈ ನಿಯಮದ ತಿರುಳು.

ಅನಾಮಧೇಯತೆ ಏಕೆ?

ಸಂಘಟನೆಯೊಂದರ ಸದಸ್ಯರ ಪಟ್ಟಿಯನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂದು ಅಲಬಾಮಾ ರಾಜ್ಯ ಹಟ ಹಿಡಿದಾಗ, 1958ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದಕ್ಕೆ ಒಪ್ಪಲಿಲ್ಲ. ಕರಿಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಆ ಸಂಘಟನೆಯ ಸದಸ್ಯರು ಹೆಸರು ಬಹಿರಂಗವಾದಾಗ ಕೆಲಸ ಕಳೆದುಕೊಂಡ, ಬೆದರಿಕೆಗೆ ಗುರಿಯಾದ ನಿದರ್ಶನಗಳು ನ್ಯಾಯಾಲಯದ ಮುಂದಿದ್ದವು. ಸಭೆಗಳ ವಿಷಯದಲ್ಲಿಯೂ ಅಂಜಿಕೆಯ ಸ್ವರೂಪ ಬೇರೆಯಲ್ಲ. ಮನೆಯ ಮಾಲೀಕನ ವಿರುದ್ಧ ದೂರಿರುವ ಬಾಡಿಗೆದಾರ, ಮೇಲಧಿಕಾರಿಯ ಕಣ್ಣಿಗೆ ಬೀಳಲು ಹೆದರುವ ನೌಕರ ಸಹಿಯ ಭಯದಿಂದಲೇ ದೂರ ಉಳಿಯಬಹುದು.

ಮಿತಿಗಳು

ಆದರೆ ಅನಾಮಧೇಯತೆ ಎಂದರೆ ಅದೃಶ್ಯತೆಯಲ್ಲ. ಸಭೆಗೆ ಅಡ್ಡಿಯಾಗದಂತೆ ಧ್ವನಿ ಹಾಗೂ ದೃಶ್ಯ ಮುದ್ರಣ ಮಾಡುವ ಹಕ್ಕನ್ನು ಅದೇ ಕಾಯ್ದೆ ಎಲ್ಲರಿಗೂ ನೀಡಿದೆ. ಹೀಗಾಗಿ ಹೆಸರು ದಾಖಲಾಗದಿದ್ದರೂ ಮುಖ ದಾಖಲಾಗಬಹುದು. ಸದಸ್ಯರಿಗೆ ಹಂಚಲಾಗುವ ಪತ್ರಗಳು ಸಾಮಾನ್ಯವಾಗಿ ಸಾರ್ವಜನಿಕ ದಾಖಲೆಗಳೆನಿಸುವುದರಿಂದ, ಪತ್ರ ಬರೆದವರ ಹೆಸರೂ ಬಯಲಾಗಬಹುದು. ಅಂತರ್ಜಾಲದ ಮೂಲಕ ಮಾತನಾಡುವವರಿಗೆ, ಸಂಸ್ಥೆಯ ನಿಯಂತ್ರಣದಲ್ಲಿಲ್ಲದ ತಾಣವು ನೋಂದಣಿ ಕೇಳಿದರೆ ಅದನ್ನು ಪಾಲಿಸಬೇಕಾಗಬಹುದು ಎಂದು 2021ರ ತಿದ್ದುಪಡಿ ವಿನಾಯಿತಿ ನೀಡಿತು.

ಭಾರತದಲ್ಲಿ

ನಮ್ಮಲ್ಲಿ ಚಿತ್ರ ಮಿಶ್ರವಾಗಿದೆ. ಮಾಹಿತಿ ಹಕ್ಕು ಕಾಯ್ದೆ, 2005ರ 6(2)ನೇ ಸೆಕ್ಷನ್ ಅನ್ವಯ ಅರ್ಜಿದಾರ ಕಾರಣ ತಿಳಿಸಬೇಕಿಲ್ಲ; ಸಂಪರ್ಕಕ್ಕೆ ಅಗತ್ಯವಾದುದನ್ನು ಬಿಟ್ಟು ಬೇರೆ ವೈಯಕ್ತಿಕ ವಿವರ ನೀಡಬೇಕಿಲ್ಲ. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್‌ನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು.

ಆದರೆ ಪರಿಸರ ಪರಿಣಾಮ ಅಂದಾಜು ಅಧಿಸೂಚನೆ, 2006ರಂತೆ ಯೋಜನೆಗಳ ಬಗ್ಗೆ ನಡೆಯುವ ಸಾರ್ವಜನಿಕ ಅಹವಾಲು ಸಭೆಗಳ ಕ್ರಮ ಬೇರೆ. ಇಲ್ಲಿ ಕೋರಂ ಅಗತ್ಯವಿಲ್ಲ. ಹಾಗಿದ್ದರೂ ಸ್ಥಳದಲ್ಲಿರುವ ಎಲ್ಲರ ಹಾಜರಾತಿಯನ್ನು ಗುರುತಿಸಿ ನಡಾವಳಿಗೆ ಲಗತ್ತಿಸಬೇಕು. ಇಡೀ ಕಲಾಪದ ವಿಡಿಯೊ ಚಿತ್ರೀಕರಣವೂ ಆಗಬೇಕು. ಸಭೆ ನಿಜಕ್ಕೂ ನಡೆಯಿತೆಂಬುದಕ್ಕೆ ಇವು ಸಾಕ್ಷಿ. ಜನರಿಲ್ಲದೆ ಕಾಗದದ ಮೇಲೆ ಸಭೆ ಮುಗಿಸುವುದನ್ನು ತಡೆಯಲು ಉಪಯುಕ್ತ. ಆದರೆ ಯೋಜನೆಯನ್ನು ವಿರೋಧಿಸುವ ಗ್ರಾಮಸ್ಥನ ಗುರುತೂ ಇದೇ ದಾಖಲೆಯಲ್ಲಿ ಉಳಿಯುತ್ತದೆ. ಬಂದವರ ಸಂಖ್ಯೆಯನ್ನು ದೃಢಪಡಿಸುತ್ತಲೇ ಅವರ ಗುರುತನ್ನು ಕಾಯುವ ವ್ಯವಸ್ಥೆಯನ್ನು ಈ ಅಧಿಸೂಚನೆ ರೂಪಿಸಿಲ್ಲ.