ಅಮ್ಮನ ಚಮಚ, ಡಚ್ಚರ ಚಕ್ಕೆ

ಇವತ್ತಿನ ಕತೆ ನಮ್ಮನೆ ಮಸಾಲೆ ಡಬ್ಬಿಯಿಂದ ಶುರು. ಶುಗರ್ ಇಳಿಯುತ್ತೆ ಅಂತ ಯಾರೋ ವಾಟ್ಸಾಪಲ್ಲಿ ಕಳಿಸಿದ್ದಕ್ಕೆ, ಅಮ್ಮ ದಿನಾ ಬೆಳಗ್ಗೆ ಒಂದು ಚಮಚ ಚಕ್ಕೆ ಪುಡಿ ಬಿಸಿನೀರಿಗೆ ಹಾಕ್ಕೊಂಡು ಕುಡೀತಿದ್ರು. ಡಬ್ಬಿ ತೆಗೆದು ನೋಡಿದೆ. ದಪ್ಪ, ಗಟ್ಟಿ ತೊಗಟೆ. ಅದು ಕ್ಯಾಸಿಯಾ.

ದಾಲ್ಚಿನ್ನಿ ಅನ್ನೋ ಪದ ಬಂದಿದ್ದು ಪರ್ಶಿಯನ್‌ನ 'ದಾರ್‌ಚೀನಿ'ಯಿಂದ, ಅಂದ್ರೆ ಚೀನಾದ ಮರ. ಶ್ರೀಲಂಕಾದ ದಾಲ್ಚಿನ್ನಿ ಬೇರೆ. ಸಿಗಾರ್ ಥರ ತೆಳು ಪದರಗಳ ಸುರುಳಿ. ಇದರ ಆಸೆಗೇ ಪೋರ್ಚುಗೀಸರು ಅಲ್ಲಿ ಬೇರೂರಿದ್ರು. 1656ರಲ್ಲಿ ಡಚ್ಚರು ಅವರಿಂದ ಕೊಲಂಬೊ ಕಿತ್ಕೊಂಡ್ರು. ಸಲಾಗಮ ಜಾತಿಯವರು ಕಾಡಿಗೆ ಹೋಗಿ ತೊಗಟೆ ಸುಲಿದು ಡಚ್ ಕಂಪನಿಗೆ ಒಪ್ಪಿಸಬೇಕಿತ್ತು. ಕದ್ದು ಮಾರಿದ್ರೆ ಮರಣದಂಡನೆ. ಒಂದು ಚಕ್ಕೆಗೆ!

1834ರಲ್ಲಿ ಫ್ರಾನ್ಸಿನ ಡ್ಯೂಮಾ ಮತ್ತು ಪೆಲಿಗೊ ದಾಲ್ಚಿನ್ನಿ ಎಣ್ಣೆಯಿಂದ ಸಿನ್ನಮಾಲ್ಡಿಹೈಡ್ ಬೇರ್ಪಡಿಸಿದರು. ಆ ಘಮ ಅದರದ್ದೇ, ಎರಡೂ ತೊಗಟೆಯಲ್ಲಿದೆ. ವ್ಯತ್ಯಾಸ ಇರೋದು ಕೂಮರಿನ್‌ನಲ್ಲಿ. ಶ್ರೀಲಂಕಾದ್ದರಲ್ಲಿ ಅದು ಅತ್ಯಲ್ಪ, ಕ್ಯಾಸಿಯಾದಲ್ಲಿ ಜಾಸ್ತಿ. ಮಿತಿ ಮೀರಿದ್ರೆ ಕೆಲವರ ಲಿವರ್‌ಗೆ ಪೆಟ್ಟು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳೋ ಮಿತಿ, ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.1 ಮಿಲಿಗ್ರಾಂ. ಅಮ್ಮನ ತೂಕ 60 ಕಿಲೋ, ಹಾಗಾಗಿ 6 ಮಿಲಿಗ್ರಾಂ. ಒಂದೇ ಚಮಚ ಕ್ಯಾಸಿಯಾ ಪುಡಿ ಅದನ್ನ ದಾಟಿಬಿಡಬಹುದು. ಇನ್ನು ಶುಗರ್ ಇಳಿಯೋ ವಿಷಯ, ಅಧ್ಯಯನಗಳ ಫಲಿತಾಂಶ ಒಂದೇ ಥರ ಇಲ್ಲ.

"ನಿಮ್ಮಜ್ಜಿನೂ ಇದೇ ಚಕ್ಕೆ ಹಾಕ್ತಿದ್ರು ಕಣೋ" ಅಂದ್ರು ಅಮ್ಮ. ಹಾಕ್ತಿದ್ರು, ಪಲಾವಿಗೆ ಎರಡು ಚೂರು, ಅಂದೆ. ಚಮಚ ಸದ್ಯಕ್ಕೆ ನಿಂತಿದೆ.